ಸೊಟ್ಟ ಚಕ್ರದ ಲಾರಿ

ಮಕ್ಕಳೇ, ನೀವು ಕೇಳಿದ ಪ್ರಶ್ನೆಗೆ ದೊಡ್ಡವರು ತಪ್ಪು ಉತ್ತರ ಹೇಳಿದ್ದುಂಟೇ? ನಾನು ಹೇಳಿದ್ದೇನೆ. ಅದೂ ಇಡೀ ತರಗತಿಯ ಮುಂದೆ. ಆ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ.

ನನ್ನ ಮನೆ ತುಮಕೂರಿನ ಸದಾಶಿವನಗರದಲ್ಲಿದೆ. ನಾನು ಶಾಲಾ ಶಿಕ್ಷಕ. ಬೆಂಗಳೂರು–ಪುಣೆ ಹೆದ್ದಾರಿ ನಮ್ಮ ಊರನ್ನು ಹಾದು ಹೋಗುತ್ತದೆ. ಅದರಲ್ಲಿ ಆಗಾಗ ಸೇನೆಯ ಲಾರಿಗಳು ಸಾಲಾಗಿ ಸಾಗುವುದುಂಟು. ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಕ್ಯಾತ್ಸಂದ್ರದ ಹತ್ತಿರ ಮಿಲಿಟರಿ ಲಾರಿ ನಿಂತಿತ್ತು. ಅದರ ಹಿಂದಿನ ಚಕ್ರಗಳು ಸೊಟ್ಟಗಿದ್ದವು. ಯಾಕೆ ಸಾರ್?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಲೋಡು ಹೆಚ್ಚಾಗಿ ಆಕ್ಸಲ್ ಬಗ್ಗಿರಬೇಕು" ಎಂದೆ. "ಎಲ್ಲಾ ಲಾರಿಗಳದ್ದೂ ಹಾಗೇ ಇತ್ತು ಸಾರ್" ಎಂದಳು. "ಹಾಗಾದರೆ ನಿನ್ನ ಕಣ್ಣೇ ಸೊಟ್ಟ" ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ತಲೆ ತಗ್ಗಿಸಿ ಕುಳಿತಳು. ಆಮೇಲೆ ಹಲವು ದಿನ ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ನಿವೃತ್ತ ಸೈನಿಕರೊಬ್ಬರಿದ್ದಾರೆ. ರಾಜಸ್ಥಾನದ ಮರಳಿನಲ್ಲಿ ಲಾರಿ ಓಡಿಸಿದವರು. ಒಂದು ಸಂಜೆ ಮಾತಿನ ನಡುವೆ ಈ ವಿಷಯ ಹೇಳಿದೆ. ಅವರು ನಕ್ಕರು. "ಮೇಷ್ಟ್ರೇ, ಅದು ಟಾಟ್ರಾ ಲಾರಿ. ಆಕ್ಸಲ್ ಬಗ್ಗಿಲ್ಲ. ಗಾಡಿ ಖಾಲಿ ಇದೆ, ಅಷ್ಟೇ. ಲೋಡು ಹಾಕಿ ನೋಡಿ, ಚಕ್ರ ನೆಟ್ಟಗಾಗುತ್ತೆ!"

ಅಂದರೆ ನಾನು ಹೇಳಿದ್ದು ಬರೀ ತಪ್ಪಲ್ಲ, ಸರಿಯಾದ ಉತ್ತರಕ್ಕೆ ಪೂರ್ತಿ ವಿರುದ್ಧ! ಅಂದಿನಿಂದ ಆ ಲಾರಿಯ ಬೆನ್ನು ಹತ್ತಿದೆ.

ಬೆನ್ನುಮೂಳೆ ಇರುವ ಲಾರಿ

ಸಾಮಾನ್ಯ ಲಾರಿಯ ಅಡಿಯಲ್ಲಿ ಬಗ್ಗಿ ನೋಡಿದರೆ ಏಣಿಯಂಥ ಚೌಕಟ್ಟು ಕಾಣುತ್ತದೆ. ಅದೇ ಚಾಸಿ. ಅದರ ಕೆಳಗೆ ಎಡಚಕ್ರದಿಂದ ಬಲಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಹೆಗಲ ಮೇಲಿನ ಕಾವಡಿಯನ್ನು ನೆನಪಿಸಿಕೊಳ್ಳಿ. ಒಂದು ತುದಿ ಮೇಲೆದ್ದರೆ ಇನ್ನೊಂದು ತುದಿಯೂ ಅಲುಗಾಡುತ್ತದೆ. ಹಾಗೆಯೇ ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಇನ್ನೊಂದು ಚಕ್ರವೂ ವಾಲುತ್ತದೆ.

ಟಾಟ್ರಾ ಲಾರಿಯಲ್ಲಿ ಏಣಿಯ ಬದಲು ನಡುವೆ ಒಂದು ದಪ್ಪ ಕೊಳವೆ ಇದೆ. ಅದು ಲಾರಿಯ ಬೆನ್ನುಮೂಳೆ. ಬಿದಿರಿನ ಏಣಿಯನ್ನು ಇಬ್ಬರು ಹಿಡಿದು ತಿರುಚಿದರೆ ಅದು ತಿರುಚಿಕೊಳ್ಳುತ್ತದೆ. ದಪ್ಪ ಕಬ್ಬಿಣದ ಕೊಳವೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಒಯ್ಯುವ ತಿರುಗುವ ದಂಡವೂ ಈ ಕೊಳವೆಯ ಒಳಗೇ ಇರುತ್ತದೆ. ಆದ್ದರಿಂದ ಕಲ್ಲು, ಮರಳು ಅದಕ್ಕೆ ತಾಗುವುದಿಲ್ಲ.

ಇಲ್ಲಿ ಆಕ್ಸಲ್ ಕೂಡ ಒಂದೇ ತುಂಡಲ್ಲ. ಕೊಳವೆಯ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ. ಹಕ್ಕಿಯ ಎರಡು ರೆಕ್ಕೆಗಳಂತೆ ಎರಡೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಒಂದು ಚಕ್ರ ಗುಂಡಿಗೆ ಇಳಿದರೂ ಇನ್ನೊಂದು ತನ್ನ ಪಾಡಿಗೆ ನೆಲವನ್ನು ಹಿಡಿದಿರುತ್ತದೆ.

ಹಾಗಾದರೆ ಚಕ್ರ ಸೊಟ್ಟಗಾಗುವುದೇಕೆ? ಈಗಲೇ ಎದ್ದು ನಿಲ್ಲಿ. ಎರಡೂ ತೋಳುಗಳನ್ನು ಪಕ್ಕಕ್ಕೆ ನೇರವಾಗಿ ಚಾಚಿ. ಬೆರಳುಗಳು ಮೇಲೆ ನೋಡುವಂತೆ ಅಂಗೈಗಳನ್ನು ಮಡಿಸಿ. ನಿಮ್ಮ ದೇಹವೇ ಕೊಳವೆ, ತೋಳುಗಳೇ ಅರ್ಧ ಆಕ್ಸಲ್‌ಗಳು, ಅಂಗೈಗಳೇ ಚಕ್ರಗಳು. ಈಗ ಮಣಿಕಟ್ಟನ್ನು ಅಲುಗಿಸದೆ ತೋಳುಗಳನ್ನು ಸ್ವಲ್ಪ ಕೆಳಗಿಳಿಸಿ. ಬೆರಳ ತುದಿಗಳು ಹೊರಕ್ಕೆ ವಾಲಿದವು ಅಲ್ಲವೇ? ಖಾಲಿ ಲಾರಿಯಲ್ಲಿ ಆಗುವುದೂ ಇದೇ. ಭಾರವಿಲ್ಲದೆ ಲಾರಿಯ ಮೈ ಮೇಲೇಳುತ್ತದೆ, ಅರ್ಧ ಆಕ್ಸಲ್‌ಗಳು ಕೆಳಕ್ಕೆ ಇಳಿಬೀಳುತ್ತವೆ, ಚಕ್ರಗಳ ಮೇಲ್ಭಾಗ ಹೊರಕ್ಕೆ ವಾಲುತ್ತದೆ. ಲೋಡು ಬಿದ್ದಾಗ ಮೈ ತಗ್ಗಿ ಚಕ್ರ ನೆಟ್ಟಗಾಗುತ್ತದೆ.

ಈ ಉಪಾಯ ಹೊಸದಲ್ಲ. ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ 1923ರಲ್ಲೇ ಟಾಟ್ರಾ ಕಂಪನಿಯ ಪುಟ್ಟ ಕಾರೊಂದಕ್ಕೆ ಇದನ್ನು ಅಳವಡಿಸಿದ್ದರು. ಆ ಕಂಪನಿ ಇಂದಿನ ಚೆಕ್ ಗಣರಾಜ್ಯದಲ್ಲಿದೆ. ನಮಗೂ ಅದಕ್ಕೂ ನಂಟು ಬೆಳೆದದ್ದು 1986ರಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸರ್ಕಾರಿ ಕಂಪನಿ ಬಿ.ಇ.ಎಂ.ಎಲ್. ಟಾಟ್ರಾ ಲಾರಿಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ನಮ್ಮ ಸೇನೆಯ ಪಿನಾಕ ರಾಕೆಟ್‌ಗಳು, ಪೃಥ್ವಿ ಕ್ಷಿಪಣಿಗಳು ಇಂಥ ಲಾರಿಗಳನ್ನೇ ಏರಿದವು.

ಮರುಭೂಮಿಯ ಪರೀಕ್ಷೆ

ಇದೇ ಬೆನ್ನುಮೂಳೆಯ ಲಾರಿ ಜಗತ್ತಿನ ಅತಿ ಕಠಿಣ ಓಟದಲ್ಲೂ ಗೆದ್ದಿದೆ. ಅದೇ ಡಕಾರ್ ರ‍್ಯಾಲಿ. ತಿಯೆರಿ ಸಬಿನ್ ಎಂಬ ಫ್ರೆಂಚ್ ಸವಾರ 1977ರಲ್ಲಿ ಆಫ್ರಿಕಾದ ಮರುಭೂಮಿಯಲ್ಲಿ ದಾರಿ ತಪ್ಪಿ, ಬದುಕಿ ಬಂದರು. ಅವರೇ ಈ ಓಟವನ್ನು ಹುಟ್ಟುಹಾಕಿದರು. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್ ದೇಶದ ಡಕಾರ್ ನಗರಕ್ಕೆ ಮೊದಲ ಓಟ ಹೊರಟಿತು. 2009ರಿಂದ 2019ರವರೆಗೆ ಅದು ದಕ್ಷಿಣ ಅಮೆರಿಕದಲ್ಲಿ ನಡೆಯಿತು. 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟಾರ್ ಸೈಕಲ್ ಓಡಿಸಿ ಈ ಓಟವನ್ನು ಪೂರೈಸಿದ ಮೊದಲ ಭಾರತೀಯರಾದರು.

ಲಾರಿಗಳ ಓಟದಲ್ಲಿ ಮೂವರು ಇರುತ್ತಾರೆ: ಚಾಲಕ, ದಾರಿ ಹೇಳುವವರು, ಮೆಕ್ಯಾನಿಕ್. ಟಾಟ್ರಾ ಕಾರ್ಖಾನೆಯಲ್ಲಿ ಲಾರಿಗಳನ್ನು ಓಡಿಸಿ ಪರೀಕ್ಷಿಸುತ್ತಿದ್ದ ಕಾರೆಲ್ ಲೋಪ್ರೈಸ್ ಆರು ಸಲ ಗೆದ್ದರು: 1988, 1994, 1995, 1998, 1999 ಮತ್ತು 2001ರಲ್ಲಿ.

ಅವರ ಲಾರಿಯ ಎಂಜಿನ್ನಿಗೆ ರೇಡಿಯೇಟರ್ ನೀರು ಬೇಕಿರಲಿಲ್ಲ. ಘಾಟಿ ಹತ್ತಿದ ಬಸ್ಸು ನಿಲ್ಲಿಸಿ ನೀರು ಸುರಿಯುವುದನ್ನು ನೀವು ನೋಡಿರಬಹುದು. ಮರುಭೂಮಿಯಲ್ಲಿ ನೀರೆಲ್ಲಿ? ಟಾಟ್ರಾ ಎಂಜಿನ್ನನ್ನು ದೊಡ್ಡ ಫ್ಯಾನಿನ ಗಾಳಿಯೇ ತಣಿಸುತ್ತದೆ.

ಇನ್ನು ಮರಳು. ಸ್ಪರ್ಧೆಯ ಲಾರಿ 8,500 ಕಿಲೋಗ್ರಾಂಗಿಂತ ಕಡಿಮೆ ತೂಗಬಾರದೆಂಬ ನಿಯಮವಿದೆ. ಇಷ್ಟು ಭಾರ ಮರಳಿನಲ್ಲಿ ಹೂತುಹೋಗದೆ? ಒಂದು ಇಟ್ಟಿಗೆ ತನ್ನಿ. ಅದರ ಅಳತೆ 23 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲ, 7 ಸೆಂ.ಮೀ. ದಪ್ಪ ಎಂದುಕೊಳ್ಳೋಣ. ಮರಳಿನ ಗುಡ್ಡೆಯ ಮೇಲೆ ಮಲಗಿಸಿದರೆ ಅದರ ಭಾರ 253 ಚದರ ಸೆಂ.ಮೀ.ಗೆ ಹಂಚಿಹೋಗುತ್ತದೆ. ನೆಟ್ಟಗೆ ನಿಲ್ಲಿಸಿದರೆ ಕೇವಲ 77ಕ್ಕೆ. ಒತ್ತಡ ಮೂರು ಪಟ್ಟಿಗಿಂತ ಹೆಚ್ಚಾಗಿ, ಇಟ್ಟಿಗೆ ಹೆಚ್ಚು ಹೂಳುತ್ತದೆ. ಆದ್ದರಿಂದ ಮರಳು ಬಂದಾಗ ಟೈರಿನ ಗಾಳಿ ಇಳಿಸುತ್ತಾರೆ. ಟೈರು ಒಂಟೆಯ ಪಾದದಂತೆ ಅಗಲವಾಗಿ ನೆಲಕ್ಕೆ ಹರಡಿಕೊಳ್ಳುತ್ತದೆ. ಗಟ್ಟಿ ನೆಲ ಸಿಕ್ಕಾಗ ಮತ್ತೆ ಗಾಳಿ ತುಂಬುತ್ತಾರೆ. ಇದನ್ನು ಚಾಲಕರು ಲಾರಿ ಓಡುತ್ತಿರುವಾಗಲೇ, ಕುಳಿತಲ್ಲಿಂದಲೇ ಮಾಡಬಲ್ಲರು.

ಆದರೆ ಬಲ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. 1988ರಲ್ಲಿ ಡ್ಯಾಫ್ ಕಂಪನಿಯ ಅತಿವೇಗದ ಲಾರಿಯೊಂದು ಉರುಳಿ ಒಬ್ಬರು ಪ್ರಾಣ ಕಳೆದುಕೊಂಡರು. 1989ರಲ್ಲಿ ಲಾರಿಗಳ ಸ್ಪರ್ಧೆಯೇ ನಡೆಯಲಿಲ್ಲ. ಮುಂದೆ ಲಾರಿಗಳ ವೇಗಕ್ಕೆ ಗಂಟೆಗೆ 140 ಕಿ.ಮೀ. ಮಿತಿ ಬಂತು. ಇನ್ನೊಂದು ಮಾತು. ಡಕಾರ್‌ನಲ್ಲಿ ಅತಿ ಹೆಚ್ಚು ಸಲ ಗೆದ್ದ ಲಾರಿ ಟಾಟ್ರಾ ಅಲ್ಲ, ರಷ್ಯದ ಕಮಾಜ್. ಅದಕ್ಕಿರುವುದು ಕಾವಡಿಯಂಥ ಗಟ್ಟಿ ಆಕ್ಸಲ್ಲೇ! ಒಂದೇ ಸಮಸ್ಯೆಗೆ ಒಂದಕ್ಕಿಂತ ಹೆಚ್ಚು ಒಳ್ಳೆಯ ಉತ್ತರಗಳಿರಬಹುದು.

ಮತ್ತೆ ತರಗತಿಗೆ

ಇಷ್ಟು ತಿಳಿದ ಮೇಲೆ ಒಂದು ಕೆಲಸ ಬಾಕಿ ಇತ್ತು. ಮರುದಿನ ತರಗತಿಯಲ್ಲಿ ನಿಂತು, "ಅವಳ ಕಣ್ಣು ಸೊಟ್ಟ ಅಲ್ಲ, ನನ್ನ ಉತ್ತರವೇ ಸೊಟ್ಟ" ಎಂದೆ. ಎಲ್ಲರ ತೋಳುಗಳನ್ನೂ ಚಾಚಿಸಿ ಚಕ್ರದ ಆಟ ಆಡಿಸಿದೆ. ಮರಳಿನ ಗುಡ್ಡೆಗೆ ಕರೆದೊಯ್ದು ಇಟ್ಟಿಗೆ ಇಡಿಸಿದೆ. ಎಲ್ಲರೂ ಗಲಾಟೆ ಮಾಡುತ್ತಿದ್ದರೆ ಅವಳೊಬ್ಬಳು ಸುಮ್ಮನೆ ನಿಂತಿದ್ದಳು. ನನಗೆ ಕಸಿವಿಸಿಯಾಯಿತು.

ಗಂಟೆ ಹೊಡೆಯುವ ಹೊತ್ತಿಗೆ ಅವಳ ಕೈ ಮೆಲ್ಲಗೆ ಮೇಲೆದ್ದಿತು. "ಸಾರ್, ಚಕ್ರ ತಿರುಗುತ್ತಾ ಇರುತ್ತೆ. ಅದಕ್ಕೆ ಗಾಳಿ ತುಂಬೋ ಪೈಪು ಸುತ್ತಿಕೊಂಡು ಹರಿದುಹೋಗಲ್ವಾ?"

ಈ ಸಲ ನಾನು ಅವಸರಪಡಲಿಲ್ಲ. "ಗೊತ್ತಿಲ್ಲಮ್ಮ, ಹುಡುಕೋಣ" ಎಂದೆ. ಅವಳ ಮುಖ ಅರಳಿತು.

ಉತ್ತರ ಆಮೇಲೆ ನಮಗೆ ಸಿಕ್ಕಿತು. ಆದರೆ ಇಲ್ಲಿ ಹೇಳುವುದಿಲ್ಲ. ನೀವೂ ಯೋಚಿಸಿ. ನಿಮ್ಮೂರಿನ ಗ್ಯಾರೇಜಿನಲ್ಲಿ ಕೇಳಿ. ಒಂದು ಸುಳಿವು: ಆಕ್ಸಲ್ ಟೊಳ್ಳಾಗಿದ್ದರೆ?