ಹೋಗುವ ಸೇತುವೆ, ಬರುವ ಸೇತುವೆ

ಕಾರವಾರ ನೋಡಲು ಬಂದವರು ಹಬ್ಬುವಾಡಕ್ಕೆ ಬರುವುದಿಲ್ಲ. ಅವರು ಟಾಗೋರ್ ಕಡಲತೀರದಲ್ಲಿ ಅಡ್ಡಾಡಿ, ದಡದಲ್ಲಿ ನಿಲ್ಲಿಸಿರುವ ಯುದ್ಧನೌಕೆಯನ್ನು ಹತ್ತಿಳಿದು, ಮೀನೂಟ ಮುಗಿಸಿ ಗೋವೆಯ ಕಡೆ ಹೊರಟುಬಿಡುತ್ತಾರೆ. ಹಬ್ಬುವಾಡ ಕಡಲಿಗೆ ಬೆನ್ನು ಹಾಕಿ ಕೈಗಾದ ಕಡೆ ಹೋಗುವ ರಸ್ತೆಯಲ್ಲಿದೆ. ಸಾರಿಗೆ ಬಸ್ಸುಗಳ ಡಿಪೋ, ತೆಂಗಿನ ಮರಗಳ ನಡುವೆ ಮನೆಗಳು, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು. ಇಷ್ಟೇ. ಆದರೂ ನನಗೆ ಕಾರವಾರವೆಂದರೆ ಹಬ್ಬುವಾಡ. ಅಲ್ಲಿ ನನ್ನ ಅಕ್ಕನ ಮನೆಯಿದೆ.

ಈ ಮನೆಯಲ್ಲಿ ಬೆಳಗಾಗುವುದು ಕೋಳಿ ಕೂಗಿನಿಂದಲ್ಲ. ಡಿಪೋದಲ್ಲಿ ಮೊದಲ ಬಸ್ಸು ಗುಡುಗುಟ್ಟಿದ ಕೂಡಲೇ ನನ್ನ ಅಳಿಯ ಎದ್ದು ಕೂರುತ್ತಾನೆ. ಅವನಿಗೀಗ ಹನ್ನೆರಡು ವರ್ಷ. ದಿನವೂ ಬರುವ ಬಸ್ಸುಗಳನ್ನು ಶಬ್ದದಿಂದಲೇ ಗುರುತಿಸುತ್ತಾನೆ. ಆದರೆ ಅದೇ ಕಿವಿಗೆ ಮಿಕ್ಸರಿನ ಸದ್ದು ಸೂಜಿ ಚುಚ್ಚಿದಂತೆ. ಅದಕ್ಕೇ ಅಕ್ಕ ಚಟ್ನಿ ರುಬ್ಬುವ ಮೊದಲು ಅವನೆದುರು ಬಂದು, "ಈಗ ಮಿಕ್ಸಿ ಹಾಕ್ತೆ, ಹತ್ತು ಎಣಿಸು" ಎಂದು ಹೇಳಿಯೇ ಗುಂಡಿ ಒತ್ತುತ್ತಾಳೆ. ಅವನು ಕಿವಿ ಮುಚ್ಚಿಕೊಂಡು ಎಣಿಸುತ್ತಾನೆ. ಹತ್ತಕ್ಕೆ ಮಿಕ್ಸಿ ನಿಲ್ಲಲೇಬೇಕು. ಚಟ್ನಿ ತರಿಯಾಗಿದ್ದರೆ ಆ ದಿನ ಎಲ್ಲರಿಗೂ ತರಿ ಚಟ್ನಿಯೇ.

ಅವನಿಗಿರುವುದು ಆಟಿಸಂ. ಎರಡು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಕಿವಿಯ ಪರೀಕ್ಷೆ ಮಾಡಿಸಿದರು, ಹರಕೆ ಹೊತ್ತರು. ಕೊನೆಗೆ ಧಾರವಾಡಕ್ಕೆ ಕರೆದುಕೊಂಡು ಹೋದಾಗ ಹೆಸರು ತಿಳಿಯಿತು. ಇದು ಜ್ವರದಂತೆ ಬಂದು ಹೋಗುವ ಕಾಯಿಲೆಯಲ್ಲ, ಮಿದುಳು ಬೆಳೆಯುವ ರೀತಿಯೇ ಬೇರೆ; ತಂದೆತಾಯಿಯ ತಪ್ಪಿನಿಂದ ಬರುವುದೂ ಅಲ್ಲ. ಈ ಕೊನೆಯ ಮಾತನ್ನು ನಂಬಲು ಅಕ್ಕನಿಗೆ ವರ್ಷಗಳೇ ಬೇಕಾದವು. "ನೀನು ಮಾತಾಡಿಸೂದೇ ಕಡಿಮೆ" ಎಂದವರು ನಮ್ಮ ಮನೆಯವರೇ.

ಭಾವನ ಮನೆಮಾತು ಕೊಂಕಣಿ, ಅಂಕೋಲೆಯ ನಮ್ಮದು ಕನ್ನಡ. ಎರಡು ಭಾಷೆಯಿಂದ ಮಗು ಗೊಂದಲಗೊಂಡಿದೆ, ಒಂದನ್ನು ಬಿಡಿ ಎಂದು ಹಲವರು ಹೇಳಿದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಇಂಥ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ನಮ್ಮವನು ಎಣಿಸುವುದು ಕನ್ನಡದಲ್ಲಿ. ನೀರು ಬೇಕಾದರೆ "ಉದಾಕ್".

ಗೋಡೆಯ ಮೇಲೆ ಒಂದು ರಟ್ಟಿನ ಹಲಗೆ. ಅದರಲ್ಲಿ ದಿನದ ಕೆಲಸಗಳೆಲ್ಲ ಚಿತ್ರವಾಗಿವೆ: ಹಲ್ಲುಜ್ಜುವುದು, ಗಂಜಿ, ಶಾಲೆ, ಸ್ನಾನ. ಮುಂದೇನು ಎಂದು ಕಣ್ಣಿಗೆ ಕಂಡರೆ ಅವನಿಗೆ ಸಮಾಧಾನ. ಭಾನುವಾರದ ಸಾಲಿನಲ್ಲಿ ಎರಡು ಸೇತುವೆಗಳು. ಅಂದು ಕಾಳಿ ನದಿ ದಾಟಿ ಸದಾಶಿವಗಡದ ಅಜ್ಜಿಯ ಮನೆಗೆ ಹೋಗುವ ದಿನ. ಹೋಗುವಾಗ ಬಸ್ಸು ಹೊಸ ಸೇತುವೆಯ ಮೇಲೆ, ಬರುವಾಗ ಹಳೆಯದರ ಮೇಲೆ. ಅವನ ಲೆಕ್ಕದಲ್ಲಿ ಅವು ಹಳತು ಹೊಸತಲ್ಲ. ಒಂದು ಹೋಗುವ ಸೇತುವೆ, ಇನ್ನೊಂದು ಬರುವ ಸೇತುವೆ.

2024ರ ಆಗಸ್ಟ್ 7ರ ನಡುರಾತ್ರಿ ಆ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಿದರು. ಶಿರೂರಿನ ಗುಡ್ಡ ಕುಸಿದು ತಿಂಗಳೂ ಆಗಿರಲಿಲ್ಲ, ಜಿಲ್ಲೆಯೇ ಬೆಚ್ಚಿಬಿದ್ದಿತ್ತು. ಬಳಿಕ ಎರಡೂ ದಿಕ್ಕಿನ ವಾಹನಗಳನ್ನು ಹೊಸ ಸೇತುವೆಯ ಮೇಲೆಯೇ ಬಿಟ್ಟರು. ಊರಿಗೆ ಅದು ವಾಹನ ದಟ್ಟಣೆಯ ಸಮಸ್ಯೆ. ನಮ್ಮ ಹುಡುಗನಿಗೆ ಮನೆಗೆ ಬರುವ ದಾರಿಯೇ ಮಾಯವಾಗಿತ್ತು.

ಮುಂದಿನ ಭಾನುವಾರ ಅವನು ಅಜ್ಜಿಯ ಮನೆಗೆ ಹೋದ. ಸಂಜೆ ಬಸ್ಸು 'ಹೋಗುವ ಸೇತುವೆ'ಯ ಕಡೆ ತಿರುಗಿದ್ದೇ ತಡ, ಕಿರುಚಲು ಶುರುಮಾಡಿದ. ತಲೆಯನ್ನು ಸೀಟಿಗೆ ಬಡಿದುಕೊಂಡ. "ಎರಡು ಬಿಟ್ಟರೆ ಸರಿಹೋಗ್ತದೆ" ಎಂದರು ಒಬ್ಬರು. ಅಕ್ಕ ಅವನನ್ನು ಇಳಿಸಿಕೊಂಡು ಮಳೆಯಲ್ಲೇ ಮರಳಿ ನಡೆದಳು. ಆ ರಾತ್ರಿ ಅಜ್ಜಿಯ ಮನೆಯಲ್ಲೇ ಉಳಿದರು. ಮರುದಿನ ಭಾವ ಅವನನ್ನು ಮನೆಗೆ ತಂದದ್ದು ಆಟೋದಲ್ಲಿ, ಕಣ್ಣಿಗೆ ಟವೆಲು ಮುಚ್ಚಿ. ಅದನ್ನು ಹೇಳುವಾಗ ಭಾವ ಈಗಲೂ ನೆಲ ನೋಡುತ್ತಾರೆ.

ಸದಾಶಿವಗಡದ ಭೇಟಿಯನ್ನೇ ನಿಲ್ಲಿಸಿಬಿಡೋಣವೆಂದು ಭಾವ ಹೇಳಿದ್ದರು. ಅಕ್ಕ ಒಪ್ಪಲಿಲ್ಲ. ಒಂದನ್ನು ಬಿಟ್ಟರೆ ನಾಳೆ ಇನ್ನೊಂದು, ಕೊನೆಗೆ ಉಳಿಯುವುದು ಈ ನಾಲ್ಕು ಗೋಡೆ ಎಂದಳು. ಮಗನನ್ನು ಕೋಡಿಬಾಗದ ದಡಕ್ಕೆ ಕರೆದೊಯ್ದು ಮುರಿದ ಸೇತುವೆಯನ್ನು ತೋರಿಸಿದಳು. ಮನೆಗೆ ಬಂದು, ರಟ್ಟಿನ ಹಲಗೆಯ ಒಂದು ಸೇತುವೆಯನ್ನು ಅವನ ಕೈಯಿಂದಲೇ ಕೀಳಿಸಿದಳು. ಉಳಿದದ್ದರ ಮೇಲೆ ಎರಡು ಬಾಣ ಬರೆದಳು, ಕೆಂಪು ಹೋಗಲು, ನೀಲಿ ಬರಲು. ಮೂರು ಭಾನುವಾರ ಸೇತುವೆಯ ಬುಡದವರೆಗೆ ಮಾತ್ರ ಹೋಗಿ ಬಂದರು. ನಾಲ್ಕನೆಯದಕ್ಕೆ ದಾಟಿ, ಅಜ್ಜಿಯ ಮನೆಗೂ ಹೋಗದೆ ಮುಂದಿನ ಬಸ್ಸಿಗೇ ವಾಪಸು. ಐದನೆಯ ಭಾನುವಾರ ಅಜ್ಜಿ ಅವನಿಗೆ ಬಂಗಡೆ ಹುರಿದುಕೊಟ್ಟಳು.

ಇಂಥ ಮಕ್ಕಳ ತಂದೆತಾಯಿಗಳು ಒಂದಿಷ್ಟು ತಿಳಿದಿರಬೇಕು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21 ವಿಧಗಳಲ್ಲಿ ಇದೆ. ಶೇಕಡ 40 ಅಥವಾ ಹೆಚ್ಚಿನ ಪ್ರಮಾಣದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಮಾತು ತಡವಾದ ಮಕ್ಕಳಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು: ಅಳಿಯನ ತರಗತಿಯ ಹುಡುಗಿಯೊಬ್ಬಳು ಶಾಲೆಯ ಗಂಟೆ ಹೊಡೆಯುವ ಮೊದಲು ಅವನ ಮೇಜನ್ನು ಎರಡು ಸಲ ತಟ್ಟುತ್ತಾಳೆ. ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಈ ಸಲ ಭಾನುವಾರ ನಾನೂ ಮಾಜಾಳಿ ಬಸ್ಸು ಹತ್ತಿದೆ. ಸಂಜೆ ಮರಳುವಾಗ ಹೊಳೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಅವನು ಕಿಟಕಿಗೆ ಹಣೆ ಒತ್ತಿ ಹಳೆಯ ಸೇತುವೆ ಇದ್ದ ಕಡೆ ನೋಡುತ್ತಿದ್ದ. "ಅವನಿಗೆ ಹದಿನೆಂಟಾದ ಮೇಲೆ ಶಾಲೆ ಇಲ್ಲ. ನಮ್ಮ ನಂತರ ಯಾರು? ಅದಕ್ಕೆ ಏನು ಚಿತ್ರ ಬರೀಬೇಕೋ ನಂಗೆ ಗೊತ್ತಿಲ್ಲ ತಮ್ಮಾ" ಎಂದಳು ಅಕ್ಕ. ನನ್ನ ಬಳಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಸೇತುವೆ ಮುಗಿಯಿತು. ಅವನು ನನ್ನ ಕೈ ಹಿಡಿದೆಳೆದು, "ಮಾಮ, ನೀಲಿ" ಎಂದ. ಬರುವ ದಾರಿ ಎಂದು ಅರ್ಥ. ಹಬ್ಬುವಾಡಕ್ಕೆ ಇನ್ನು ಸ್ವಲ್ಪವೇ ದೂರ.