ಕೊಂಡ ಉತ್ತರ

ಆಳಂದ, ಅಫಜಲಪುರ, ಜೇವರ್ಗಿಯಿಂದ ಕಲಬುರಗಿಗೆ ನರ್ಸಿಂಗ್ ಓದಲು ಬರುವ ಮಕ್ಕಳೇ, ಅಮೆರಿಕದ ಪಠ್ಯಪುಸ್ತಕಗಳ ಟೆಸ್ಟ್ ಬ್ಯಾಂಕ್ (ಪ್ರಶ್ನೋತ್ತರ ಸಂಗ್ರಹ) ಪಿಡಿಎಫ್‌ಗೆ ದುಡ್ಡು ಸುರಿಯಬೇಡಿ. ಪ್ರಕಾಶಕರು ಅದನ್ನು ಕೊಡುವುದು ಪಾಠ ಮಾಡುವವರಿಗೆ. ಕದ್ದು ಮಾರುವವರಿಂದ ಕೊಳ್ಳುವುದು ತಪ್ಪು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳು ಅದರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಅವನ್ನು ಬಿಡಿಸಿ, ಖಂಡಿತ ಬಿಡಿಸಿ.

ಅಮೆರಿಕದ ಪ್ರಶ್ನೆಗಳು ನಮ್ಮ ವಾರ್ಡಿಗೆ ಎಲ್ಲ ಕಡೆ ಹೊಂದುವುದೂ ಇಲ್ಲ. ಇನ್ಸುಲಿನ್ನನ್ನೇ ನೋಡಿ. ಅಲ್ಲಿನ ಪ್ರಶ್ನೆಗಳ ಲೆಕ್ಕ ಹೆಚ್ಚಾಗಿ ಮಿಲಿಲೀಟರಿಗೆ 100 ಯೂನಿಟ್. ನಮ್ಮಲ್ಲಿ 40ರ ಬಾಟಲಿಯೂ ಇದೆ, 100ರದ್ದೂ ಇದೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಹೋಗುತ್ತದೆ, ಪ್ರಾಣಕ್ಕೇ ಅಪಾಯ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ವಾರ್ಡಿನ ಸಿಸ್ಟರ್ ಹತ್ತಿರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಲು ಕೇಳಿ.