ಘಾಟಿ ಜಾತ್ರೆಯಲ್ಲಿ ಎತ್ತಿನ ಪಾಠ

ನಮ್ಮ ಶಾಲೆಯ ಮೂರನೇ ತರಗತಿಯ ಗೋಡೆಯ ಮೇಲೆ 'ಪ್ರಾಣಿಗಳ ಸಂಸಾರ' ಎಂಬ ಪಟವೊಂದಿದೆ. ಅಪ್ಪ ಎತ್ತು, ಅಮ್ಮ ಹಸು, ಮಗು ಕರು. ಮಕ್ಕಳು ಇದನ್ನು ರಾಗವಾಗಿ ಒಪ್ಪಿಸುವುದನ್ನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ. ವಿಜ್ಞಾನದ ಮೇಷ್ಟ್ರಾಗಿಯೂ ತಪ್ಪನ್ನು ತಿದ್ದಿರಲಿಲ್ಲ. ತಿದ್ದಹೊರಟರೆ, ಎತ್ತು ಯಾಕೆ ಅಪ್ಪನಲ್ಲ ಎಂದು ಎಂಟು ವರ್ಷದವರಿಗೆ ವಿವರಿಸಬೇಕಲ್ಲ!

ಕಳೆದ ಸಲ ಅದೇ ತರಗತಿಯ 22 ಮಕ್ಕಳನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದುಕೊಂಡು ಹೋದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ., ದೊಡ್ಡಬಳ್ಳಾಪುರ ದಾಟಿ ಹೋಗಬೇಕು. ಪುಷ್ಯ ಮಾಸದ ರಥೋತ್ಸವಕ್ಕೆ ಮುಂಚಿನ ದಿನಗಳಲ್ಲಿ, ಒಳ್ಳೆಯ ಚಳಿಯಲ್ಲಿ ಈ ಜಾತ್ರೆ ಸೇರುತ್ತದೆ. ನಾವು ಬಸ್ಸಿಳಿದಾಗ ಮಂಜು ಕರಗಿರಲಿಲ್ಲ. ಬೇಯಿಸಿದ ಹುರುಳಿಯ ವಾಸನೆ, ಸಗಣಿಯ ವಾಸನೆ, ಒಲೆಗಳ ಹೊಗೆ. ಎಲ್ಲೆಲ್ಲೂ ಹಳ್ಳೀಕಾರ್ ಜೋಡಿಗಳು: ಬೂದು ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು. 2000ದಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಇದು.

ನಮ್ಮ ಮಕ್ಕಳಿಗೆ ಕೊಂಬಿದ್ದದ್ದೆಲ್ಲ ಹಸು. ಒಬ್ಬನಂತೂ ಕರುವನ್ನು 'ಹಸುವಿನ ಮರಿ' ಎಂದುಬಿಟ್ಟ. ಸುತ್ತಲಿದ್ದ ರೈತರು ನಕ್ಕರು. ಕುರಿ, ಮೇಕೆಗಾದರೆ ಮರಿ. ಹಸುವಿಗೂ ಎಮ್ಮೆಗೂ ಕರು.

ಅವರಲ್ಲಿ ವಯಸ್ಸಾದ ಒಬ್ಬರು ತಮ್ಮ ಎತ್ತಿನ ತುಟಿ ಬಿಡಿಸಿ, "ಎಣಿಸ್ರಪ್ಪಾ" ಎಂದರು. ಕೆಳಗೆ ಮುಂದಿನ ಹಲ್ಲು ಎಂಟು. ಮೇಲೆ ಮುಂಭಾಗದಲ್ಲಿ ಒಂದೂ ಇಲ್ಲ, ಬರೀ ಗಟ್ಟಿ ವಸಡು! ಇಷ್ಟು ವರ್ಷ ಪಾಠ ಮಾಡಿದ ನಾನೂ ಹತ್ತಿರದಿಂದ ನೋಡಿದ್ದು ಅಂದೇ. ಹಾಲುಹಲ್ಲು ಬಿದ್ದು, ಸುಮಾರು ಎರಡು ವರ್ಷಕ್ಕೆ ಹೊಸ ಜೋಡಿ ಬಂದರೆ 'ಎರಡು ಹಲ್ಲಿನದು'. ಆಮೇಲೆ ನಾಲ್ಕು, ಆರು. ನಾಲ್ಕೈದು ವರ್ಷಕ್ಕೆ ಎಂಟೂ ಬಂದರೆ 'ಬಾಯಿಗೂಡಿದ್ದು'. ಹುಡುಗನೊಬ್ಬ ತನ್ನ ಬಾಯಿ ತೆರೆದು, "ನಾನು?" ಎಂದ. "ನೀನಿನ್ನೂ ನಾಲ್ಕು ಹಲ್ಲಿನೋನು" ಎಂದರು.

ಅಷ್ಟರಲ್ಲಿ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: "ತಾತ, ಇದರ ಕರು ಎಲ್ಲಿ?"

ನಾನು ಬೇರೆ ಕಡೆ ನೋಡಿದೆ. ಅವರು ಸಹಜವಾಗಿ ಹೇಳಿದರು: "ಇದಕ್ಕೆ ಕರು ಇಲ್ಲ ಕಣಮ್ಮ. ಎತ್ತು ಹುಟ್ಟೋದಿಲ್ಲ, ನಾವು ಮಾಡ್ಕೊಳ್ಳೋದು. ಹುಟ್ಟಿದಾಗ ಇದು ಹೋರಿಗರು. ಬೀಜ ಒಡೆಸಿ ನೊಗಕ್ಕೆ ಹೂಡಿದ್ವಿ. ಹಾಗೇ ಬಿಟ್ಟಿದ್ರೆ ಹೋರಿಯಾಗಿ, ಅಪ್ಪನೂ ಆಗ್ತಿತ್ತು."

"ನೋವಾಗಲ್ವಾ?"

"ಆಗ್ತದೆ" ಎಂದು ಅದರ ಕೊರಳು ಸವರಿದರು. ನಾನಾಗಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆನೇನೋ.

ಮಧ್ಯಾಹ್ನ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಯಿತು. ಮಾರಿದ ಜೋಡಿಯ ಗೆಜ್ಜೆ ಬಿಚ್ಚಿ ಅವರು ಚೀಲಕ್ಕೆ ಹಾಕಿಕೊಂಡರು. ಬೇರೆ ಜೋಡಿ ಕಟ್ಟುತ್ತೀರಾ ಎಂದು ಕೇಳಿದೆ. "ಉಳೋಕೆ ಟ್ರ್ಯಾಕ್ಟರ್ ಬರ್ತದಲ್ಲ ಮೇಷ್ಟ್ರೇ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೊಸ ರಾಗ: ಟಗರು, ಕುರಿ, ಮರಿ, ಹೋತ, ಮೇಕೆ, ಮರಿ, ಕೋಣ, ಎಮ್ಮೆ, ಕರು. ಹೆಣ್ಣುಗರು ಬೆಳೆದು ಕಡಸು, ಈದ ಮೇಲೆ ಹಸು ಎಂಬುದನ್ನು ಡ್ರೈವರ್ ಸೇರಿಸಿದರು, ಅವರೂ ಹಳ್ಳಿಯವರೇ.

ಮರುದಿನ ಆ ಹುಡುಗಿ ಪಟದಲ್ಲಿ 'ಎತ್ತು' ಎಂದಿದ್ದಲ್ಲಿ ಕಾಗದ ಅಂಟಿಸಿ 'ಹೋರಿ' ಎಂದು ಬರೆದಳು. ಆಮೇಲೆ ನನ್ನತ್ತ ತಿರುಗಿ, "ಎತ್ತನ್ನ ಎಲ್ಲಿ ಬರೀಲಿ ಸಾರ್?" ಎಂದಳು. ಪಟದಲ್ಲಿ ಜಾಗವಿರಲಿಲ್ಲ. ಪಕ್ಕದ ಗೋಡೆಯ ಮೇಲೇ ಬರೆಯಲಿ ಎಂದು ಸೀಮೆಸುಣ್ಣ ಕೊಟ್ಟೆ.